ಜೂನ್‌ ಮಳೆಯಲ್ಲಿ ನಮ್ಮ ಮನೆ ನೋಡಿ: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ಜಿಲ್ಲೆಯ ಮನೆಗಳ ಸ್ಥಿತಿ ಹೇಗಿದೆ ಅಂತ ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಪಕ್ಕಾ ಮನೆ ಶೇಕಡಾ ಇಷ್ಟು, ಕಚ್ಚಾ ಮನೆ ಇಷ್ಟು. ಲೆಕ್ಕ ಸುಳ್ಳಲ್ಲ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಭದ್ರಾವತಿ, ಶಿಕಾರಿಪುರದ ಕಡೆ ಅದರ ಕಾಲು ಭಾಗವೂ ಇಲ್ಲ. ಎಲ್ಲವನ್ನೂ ಸೇರಿಸಿ ಒಂದು ಸರಾಸರಿ ತೆಗೆದರೆ ಅದು ಯಾವ ಊರಿನ ಮನೆಯ ಕಥೆ ಹೇಳುತ್ತದೆ?

ಪಕ್ಕಾ ಅನ್ನೋದನ್ನು ತೀರ್ಮಾನಿಸುವ ಕ್ರಮವನ್ನೇ ನೋಡಿ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಗೋಡೆ, ಚಾವಣಿ ಎರಡೂ ಗಟ್ಟಿ ಸಾಮಗ್ರಿಯದ್ದಾದರೆ ಮನೆ ಪಕ್ಕಾ. ಒಂದು ಮಾತ್ರ ಹಾಗಿದ್ದರೆ ಅರೆ ಪಕ್ಕಾ. ಹೆಂಚು, ಕಲ್ಲು, ಸುಟ್ಟ ಇಟ್ಟಿಗೆಯ ಜೊತೆ ತಗಡು, ಸಿಮೆಂಟ್ ಶೀಟು ಕೂಡ ಗಟ್ಟಿ ಸಾಮಗ್ರಿಯ ಪಟ್ಟಿಯಲ್ಲಿವೆ.

ಈಗ ಹೊಸನಗರ ತಾಲ್ಲೂಕಿನ ಯಾವುದೇ ಹಳ್ಳಿಗೆ ಬನ್ನಿ. ಒಂದು ಮನೆಗೆ ಮಣ್ಣಿನ ಗೋಡೆ, ಮಂಗಳೂರು ಹೆಂಚು. ಮಳೆಗೆ ಮುಂಚೆ ಹೆಂಚು ಕೈಯಾಡಿಸಿ, ಅಂದರೆ ತೆಗೆದು ಸರಿಯಾಗಿ ಜೋಡಿಸಿ, ಒಡೆದದ್ದನ್ನು ಬದಲಾಯಿಸುತ್ತಾರೆ. ಇರ್ಚಲು (ಗಾಳಿಗೆ ಓರೆಯಾಗಿ ಬಡಿಯುವ ಮಳೆ) ಹೊಡೆಯುವ ಕಡೆಯ ಗೋಡೆಗೆ ಅಡಿಕೆ ಸೋಗೆಯ ಜಡಿ, ಅಂದರೆ ಗರಿಯ ಮರೆ, ಕಟ್ಟುತ್ತಾರೆ. ಈಗೀಗ ಅಲ್ಲೂ ಸಿಲ್ಪಾಲಿನ್ ಪ್ಲಾಸ್ಟಿಕ್ ಹಾಳೆ ಬಂದಿದೆ, ಬಿಡಿ. ಪಕ್ಕದ ಮನೆಗೆ ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ಶೀಟು. ದುಡ್ಡು ಸಾಲದೆ ಹೊರಗಡೆ ಗಿಲಾವು ಆಗಿಲ್ಲ. ಜುಲೈ ಹೊತ್ತಿಗೆ ಬ್ಲಾಕು ನೀರು ಕುಡಿದು ಒಳಗೋಡೆಯಲ್ಲಿ ಕಪ್ಪು ಬೂಷ್ಟು ಏಳುತ್ತದೆ. ಮಕ್ಕಳ ಯೂನಿಫಾರ್ಮ್ ಒಲೆಯ ಮೇಲೆ ಒಣಗಬೇಕು. ಶೀಟಿನ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೂ ಕೇಳಲ್ಲ. ಸಮೀಕ್ಷೆಯಲ್ಲಿ ಮೊದಲನೆಯದು ಅರೆ ಪಕ್ಕಾ, ಎರಡನೆಯದು ಪಕ್ಕಾ!

ಮಣ್ಣಿನ ಮನೆಯನ್ನು ಸುಮ್ನೆ ಹೊಗಳುತ್ತಿಲ್ಲ. ಬುಡಕ್ಕೆ ನೀರು ನಿಂತರೆ ಅದು ರಾತ್ರೋರಾತ್ರಿ ಕುಸಿಯುತ್ತದೆ. ನಾನು ಹೇಳೋದಿಷ್ಟೇ: ನಮ್ಮ ಕಡೆ ಮನೆ ಹೇಗಿದೆ ಅಂತ ತಿಳಿಯಲು ಸಾಮಗ್ರಿಯ ಹೆಸರು ಸಾಲದು, ಮೇಲೆ ಬೀಳುವ ಮಳೆಯನ್ನೂ ಜೊತೆಗಿಟ್ಟು ಓದಬೇಕು.

ಮಾದರಿ ಸಮೀಕ್ಷೆಗೆ ಇನ್ನೊಂದು ಮಿತಿ ಇದೆ. ಕುಡಿಯುವ ನೀರು, ಶೌಚಾಲಯ, ವಸತಿ ಕುರಿತ 76ನೇ ಸುತ್ತು 2018ರ ಜುಲೈನಿಂದ ಡಿಸೆಂಬರ್‌ವರೆಗೆ ನಡೆಯಿತು. ದೇಶಕ್ಕೆಲ್ಲ ಸೇರಿ ಮಾಹಿತಿ ಕೇಳಿದ್ದು ಸುಮಾರು 1.07 ಲಕ್ಷ ಕುಟುಂಬಗಳನ್ನು ಮಾತ್ರ. ಅದರಲ್ಲಿ ತೀರ್ಥಹಳ್ಳಿಯ ಪಾಲಿಗೆ ಎಷ್ಟು ಬಂದೀತು? ರಾಜ್ಯದ ಮಟ್ಟಕ್ಕೆ ಆ ಅಂಕಿ ಸರಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲೆಯ ತನಕ ಇಳಿಯುತ್ತದೆ, ತಾಲ್ಲೂಕಿಗೆ ಇಳಿಯೋದಿಲ್ಲ. ಹಳ್ಳಿವರೆಗೂ ಮನೆಯ ಲೆಕ್ಕ ಕೊಡೋದು ಜನಗಣತಿಯ ಮನೆಪಟ್ಟಿ, ಅಂದರೆ ಪ್ರತಿ ಮನೆಯ ವಿವರ ಬರೆದುಕೊಳ್ಳುವ ಹಂತ. 2011ರ ಜನಗಣತಿಯಲ್ಲಿ ನಾಡಹೆಂಚು ಬೇರೆ, ಕಾರ್ಖಾನೆ ಹೆಂಚು ಬೇರೆ ಅಂತ ಕೇಳಿದ್ದರು. ಮನೆ ಚೆನ್ನಾಗಿದೆಯೋ, ವಾಸಕ್ಕೆ ಅಡ್ಡಿಯಿಲ್ಲವೋ, ಶಿಥಿಲವೋ ಅಂತಲೂ ಬರೆದುಕೊಂಡಿದ್ದರು. ಆದರೆ ಗಣತಿದಾರರು ಬೇಸಿಗೆಯಲ್ಲಿ ಬಂದರೆ ನಮ್ಮಲ್ಲಿ ಯಾವ ಮನೆ ಶಿಥಿಲವಾಗಿ ಕಾಣುತ್ತದೆ ಹೇಳಿ?

ಕೆಲವು ಉತ್ತರಗಳಂತೂ ಕಾಗದದಲ್ಲಿ ಸರಿ, ಊರಲ್ಲಿ ತಪ್ಪು. ಗುಡ್ಡದ ಅಬ್ಬಿಯಿಂದ (ಇಳಿದು ಬರುವ ನೀರಿನ ಝರಿಯಿಂದ) ಪೈಪು ಎಳೆದುಕೊಂಡ ಮನೆಯಲ್ಲಿ ನೀರು ಎಲ್ಲಿಂದ ಅಂತ ಕೇಳಿದರೆ ‘ನಲ್ಲಿ’ ಅಂತಾರೆ. ಏಪ್ರಿಲ್‌ನಲ್ಲಿ ಅಬ್ಬಿ ಬತ್ತಿದರೂ ಪಟ್ಟಿಯಲ್ಲಿ ನಲ್ಲಿಯೇ ಇರುತ್ತದೆ. ಮನೆ ಯಾರದು ಅಂದರೆ ‘ಸ್ವಂತದ್ದು’. 1964ರ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಊರು ಬಿಟ್ಟ ಎಷ್ಟೋ ಕುಟುಂಬಗಳಿಗೆ ಕೂತ ಜಾಗದ ಹಕ್ಕುಪತ್ರ ಇನ್ನೂ ಕೈಗೆ ಬಂದಿಲ್ಲ. ಅವರದೂ ಸ್ವಂತ ಮನೆಯೇ. ದಾಖಲೆ ಇಲ್ಲದ ಜಾಗಕ್ಕೆ ವಸತಿ ಯೋಜನೆಯ ಮನೆ ಸಿಗೋದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಈಗ ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ಜಿಲ್ಲೆಯ ಜನಗಣತಿಗೆ ಪ್ರಧಾನ ಅಧಿಕಾರಿ ನೀವೇ. ಮಳೆಗೆ ಮನೆ ಬಿದ್ದಾಗ ತಹಶೀಲ್ದಾರರು ಮಾಡುವ ಹಾನಿ ಪಟ್ಟಿ ಬರೋದೂ ನಿಮ್ಮ ಕಚೇರಿಗೇ. ಎಷ್ಟು ಹಾನಿ ಅಂತ ನೋಡಿ ಎ, ಬಿ, ಸಿ ಅಂತ ವಿಂಗಡಿಸಿದ ಪಟ್ಟಿ ಅದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಈ ಮೂರನ್ನೂ ಒಂದೇ ಪಟ್ಟಿಗೆ ತನ್ನಿ: ಪಂಚಾಯಿತಿಯಲ್ಲಿ ಯಾವ ಗೋಡೆ, ಯಾವ ಚಾವಣಿ, ಎಷ್ಟು ಮಳೆ, ಯಾವ ಮನೆ ಬಿತ್ತು. ಹೊಸ ಸಮೀಕ್ಷೆಯ ಖರ್ಚೇ ಬೇಡ. ಮನೆಯವರ ಹೆಸರು ತೆಗೆದು ಪಂಚಾಯಿತಿವಾರು ಲೆಕ್ಕ ಪ್ರಕಟಿಸಿದರೆ ಸಾಕು. ಉಳಿದದ್ದನ್ನು ಕಾಲೇಜು ಹುಡುಗರೇ ಓದಿ ಹೇಳುತ್ತಾರೆ.

ಇನ್ನೊಂದು ಸಣ್ಣ ಕೆಲಸ. 2027ರ ಜನಗಣತಿಯ ಮನೆಪಟ್ಟಿಗೆ 33 ಪ್ರಶ್ನೆ ನಿಗದಿಯಾಗಿವೆ. ಅದಕ್ಕೆ ನೀವು ಪ್ರಶ್ನೆ ಸೇರಿಸಲಾರಿರಿ, ಗೊತ್ತು. ಆದರೆ ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕೆಲವು ಪಂಚಾಯಿತಿಗಳಲ್ಲಿ ಪಿಡಿಒಗಳಿಂದ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಂದ) ಮೂರೇ ಪ್ರಶ್ನೆ ಕೇಳಿಸಬಹುದಲ್ವಾ? ಸೋರುತ್ತದೆಯೇ, ಯಾವ ಗೋಡೆ ಒದ್ದೆಯಾಗುತ್ತದೆ, ಜಾಗಕ್ಕೆ ಪತ್ರ ಇದೆಯೇ. ಆಗಸ್ಟ್ ಮೊದಲ ವಾರವಾದರೆ ಒಳ್ಳೇದು. ನೆಟ್‌ವರ್ಕ್ ನಂಬಬೇಡಿ, ಅವರ ಕೈಗೆ ಕಾಗದದ ಫಾರಂ ಕೊಟ್ಟು ಕಳಿಸಿ.

ಇಂತಿ,
ಹೊಸನಗರ ತಾಲ್ಲೂಕಿನ ಒಬ್ಬ ನಾಗರಿಕ