ಅದು ‘ದಾಳಿ’ ಅಲ್ಲ, ಗಾಳಿಯ ಲೆಕ್ಕ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ನಾಲ್ಕು ಜನರಿಗೆ ಕುಟುಕಿದರೆ ಸಾಕು, ‘ಜೆಲ್ಲಿಫಿಶ್ ದಾಳಿ’ ಎಂಬ ತಲೆಬರಹ ಬಂದುಬಿಡುತ್ತದೆ. ದಯವಿಟ್ಟು ಈ ಮಾತು ಕೈಬಿಡಿ. ದಾಳಿ ಎಂದೊಡನೆ, ಅದು ಯಾವಾಗ ಬಂದೀತೆಂದು ಯಾರೂ ಹೇಳಲಾರರು, ಮಾಡುವುದೇನೂ ಇಲ್ಲ ಎಂದು ಓದುಗರೂ ಅಧಿಕಾರಿಗಳೂ ಸುಮ್ಮನಾಗುತ್ತಾರೆ. ಲೋಳೆಮೀನು, ಅಂದರೆ ಜೆಲ್ಲಿಫಿಶ್, ಎಲ್ಲಿರಬೇಕು, ಯಾವಾಗ ದಡ ಸೇರಬೇಕು ಎಂಬುದನ್ನು ಗಾಳಿ, ನೀರಿನ ಸೆಳೆತ, ಉಪ್ಪು, ಆಮ್ಲಜನಕ ನಿರ್ಧರಿಸುತ್ತವೆ. ಇವೆಲ್ಲ ಅಳತೆಗೆ ಸಿಗುವಂಥವು.

ಹೊಯಿಗೆಯ ಮೇಲೆ ಬಿದ್ದಿರುವ ನೀಲಿ ಬಲೂನನ್ನೇ ನೋಡಿ. ಬ್ಲೂ ಬಾಟಲ್ ಎನ್ನುತ್ತಾರೆ, ಶಾಸ್ತ್ರೀಯ ಹೆಸರು ಫೈಸೇಲಿಯಾ. ಇದು ಲೋಳೆಮೀನಲ್ಲ, ಅದರ ನೆಂಟ. ತೇಲುವುದಕ್ಕೆ, ಬೇಟೆಗೆ, ಜೀರ್ಣಕ್ಕೆ, ಸಂತಾನಕ್ಕೆ ಎಂದು ಕೆಲಸ ಹಂಚಿಕೊಂಡ ಪುಟ್ಟ ಜೀವಿಗಳು ಒಂದಕ್ಕೊಂದು ಅಂಟಿ ಬೆಳೆದ ಗುಂಪು. ಗಾಳಿಚೀಲದ ನೆತ್ತಿಯಲ್ಲಿ ನಿರಿಗೆ ಹಿಡಿದಂಥ ಏಣು ಕಾಣುತ್ತದಲ್ಲ, ಅದೇ ಹಾಯಿ. ಇದಕ್ಕೆ ಈಜು ಬಾರದು. ಕೆಲವಕ್ಕೆ ಹಾಯಿ ಎಡಕ್ಕೆ ಓರೆ, ಕೆಲವಕ್ಕೆ ಬಲಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ. ಆದ್ದರಿಂದ ಒಂದೇ ಗಾಳಿಗೆ ಒಂದು ಬಗೆ ಎಡಕ್ಕೆ, ಇನ್ನೊಂದು ಬಗೆ ಬಲಕ್ಕೆ ಓರೆಯಾಗಿ ಸಾಗುತ್ತದೆ. ನೈರುತ್ಯ ಮಾರುತ ಎರಡು-ಮೂರು ದಿನ ಬಿಡದೆ ದಡದತ್ತ ಬೀಸಿದರೆ ಇವು ಬಂದು ಬೀಳುವುದರಲ್ಲಿ ಅಚ್ಚರಿಯೇನಿದೆ?

ನಿಜವಾದ ಲೋಳೆಮೀನಿನ ಕಥೆ ಇದಕ್ಕಿಂತ ಸೂಕ್ಷ್ಮ. ಅದು ಕೊಡೆಯಂಥ ಮೈಯನ್ನು ಮುದುರಿ ಬಿಚ್ಚಿ ಈಜುತ್ತದೆ, ಆದರೆ ಕಡಲಿನ ಸೆಳೆತವನ್ನು ಮೀರಿ ದೂರ ಹೋಗುವಷ್ಟು ಕಸುವು ಬಹುತೇಕ ಜಾತಿಗಳಿಗಿಲ್ಲ. ಮೇಲೆ ಕೆಳಗೆ ಮಾತ್ರ ಚೆನ್ನಾಗಿ ಓಡಾಡಬಲ್ಲದು. ಮೇಲ್ನೀರಿನ ಸೆಳೆತ ಒಂದು ದಿಕ್ಕಾದರೆ ಆಳದ್ದು ಇನ್ನೊಂದು. ಮಳೆಗಾಲದಲ್ಲಿ ನಮ್ಮ ಕಡೆ ಮೇಲಿನ ಪ್ರವಾಹ ತೆಂಕಣಕ್ಕೆ ಹರಿಯುವಾಗ, ಹೊರಗಡಲಿನ ಇಳಿಜಾರಿನಲ್ಲಿ ಅದರಡಿಯ ಪ್ರವಾಹ ಬಡಗಣಕ್ಕೆ ಹರಿಯುತ್ತದೆ. ಲೋಳೆಮೀನು ಎಷ್ಟು ಆಳದಲ್ಲಿ ನಿಲ್ಲುತ್ತದೆ ಎಂಬುದರ ಮೇಲೆಯೇ ಅದು ಯಾವ ಊರಿನ ಕಡೆ ಹೋಗುತ್ತದೆ ಎಂಬುದು ನಿಂತಿದೆ.

ಇನ್ನು ಆಮ್ಲಜನಕ. ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1000 ಮೀಟರ್ ಆಳದ ಪಟ್ಟಿಯಲ್ಲಿ ಅದು ತೀರಾ ಕಡಿಮೆ. ಮಳೆಗಾಲದಲ್ಲಿ ಆಳದ ತಣ್ಣೀರು ದಡದತ್ತ ಮೇಲೇರುತ್ತದೆ, ಕೇರಳದಲ್ಲಿ ಮೊದಲು, ನಮ್ಮಲ್ಲಿ ಆಮೇಲೆ. ಬರುವಾಗ ಆ ಕೊರತೆಯನ್ನೂ, ಗೊಬ್ಬರದಂಥ ನೈಟ್ರೇಟ್ ಫಾಸ್ಫೇಟನ್ನೂ ಹೊತ್ತು ತರುತ್ತದೆ. ಅದೇ ಹೊತ್ತಿಗೆ ಮಳೆನೀರು ಮತ್ತು ನೇತ್ರಾವತಿ, ಶರಾವತಿ, ಕಾಳಿಯ ಸಿಹಿನೀರು ಮೇಲೆ ಹಗುರ ಪದರವಾಗಿ ಹರಡಿ ಮುಚ್ಚಳ ಹಾಕುತ್ತದೆ. ಗಾಳಿಯ ಆಮ್ಲಜನಕ ಕೆಳಗಿಳಿಯುವುದಿಲ್ಲ. ಮೇಲೆ ಬೆಳೆದು ಸತ್ತ ಸೂಕ್ಷ್ಮ ಪಾಚಿ ತಳದಲ್ಲಿ ಕೊಳೆತು ಉಳಿದದ್ದನ್ನೂ ತಿನ್ನುತ್ತದೆ. ಲೀಟರಿಗೆ 2 ಮಿಲಿಗ್ರಾಂಗಿಂತ ಇಳಿಯಿತೆಂದರೆ ಹೆಚ್ಚಿನ ಮೀನು, ಸಿಗಡಿ ಜಾಗ ಖಾಲಿ ಮಾಡುತ್ತವೆ. ಲೋಳೆಮೀನಿಗೆ ಅಷ್ಟು ಬಾಧಕವಿಲ್ಲ. ಮೈಯ ಶೇ 95ರಷ್ಟು ನೀರು, ಬೇಕಾಗುವ ಆಮ್ಲಜನಕ ಅತ್ಯಲ್ಪ. ಅದನ್ನು ಲೋಳೆಯಲ್ಲೇ ಒಂದಿಷ್ಟು ಕೂಡಿಟ್ಟುಕೊಳ್ಳುವ ಜಾತಿಗಳೂ ಇವೆ. ಮೀನು ಬಿಟ್ಟುಹೋದ ಜಾಗದಲ್ಲಿ ಅದಕ್ಕೆ ಪೈಪೋಟಿಯೇ ಇಲ್ಲ.

ಉಪ್ಪಿನ ವಿಷಯದಲ್ಲಿ ಮಾತ್ರ ಅದು ನಾಜೂಕು. ಅದರ ಮೈನೀರು ಸುತ್ತಲಿನ ಕಡಲನೀರಿನಷ್ಟೇ ಉಪ್ಪು, ಹೆಚ್ಚುಕಡಿಮೆ ಅಷ್ಟೇ ಭಾರ. ಲೀಟರಿಗೆ 35 ಗ್ರಾಂ ಉಪ್ಪಿರುವ ನೀರಿನಿಂದ ಅಳಿವೆಯ ಸಪ್ಪೆನೀರಿಗೆ ಬಂದರೆ ಮುಳುಗತೊಡಗುತ್ತದೆ. ಹಾಗಾಗಿ ಎರಡು ನೀರು ಕೂಡುವ ಗೆರೆಯ ಅಡಿಯಲ್ಲೇ ಒತ್ತಾಗಿ ನೆರೆಯುತ್ತವೆ. ಮೇಲಿಂದ ನೋಡಿದರೆ ಒಂದೂ ಕಾಣದ ದಿನ ಬಲೆಯ ತುಂಬ ಬರುವುದು ಹೀಗೆ. ಲೋಳೆ ತುಂಬಿ ಬಲೆಯ ಕಣ್ಣುಗಳು ಕಟ್ಟಿಕೊಂಡರೆ ನೀರು ಸೋಸುವುದಿಲ್ಲ, ಬಂಗುಡೆ ಜಜ್ಜಿಹೋಗುತ್ತದೆ, ಬಲೆ ಹರಿಯುತ್ತದೆ. ಜಪಾನಿನಲ್ಲಿ 2009ರಲ್ಲಿ 10 ಟನ್ನಿನ ಟ್ರಾಲ್ ಬೋಟೊಂದು ನೊಮುರಾ ಎಂಬ ದೈತ್ಯ ಲೋಳೆಮೀನು ತುಂಬಿದ ಬಲೆ ಎಳೆಯುವಾಗ ಮಗುಚಿತು. ಗುಂಪು ಇದೆಯೆಂದು ಗೊತ್ತಾದ ದಿನ ಬಲೆಯನ್ನು ಹೆಚ್ಚು ಹೊತ್ತು ಎಳೆಯದೆ ಬೇಗ ಬೇಗ ಎತ್ತುವುದೇ ಲೇಸು.

ನೀರಿನ ಮೇಲೂ ಗುರುತು ಸಿಗುತ್ತದೆ. ಗಾಳಿ ಒಂದೇ ಸಮನೆ ಬೀಸುವಾಗ ನೊರೆ, ಎಲೆ, ತೆಂಗಿನ ಸಿಪ್ಪೆ, ಪ್ಲಾಸ್ಟಿಕ್ ಉದ್ದುದ್ದ ಸಾಲಾಗಿ ನಿಲ್ಲುತ್ತವೆ. ಅಕ್ಕಪಕ್ಕದ ಮೇಲ್ನೀರು ಆ ಸಾಲಿಗೆ ಬಂದು ಸೇರಿ ಕೆಳಗಿಳಿಯುತ್ತದೆ, ತೇಲುವುದೆಲ್ಲ ಅಲ್ಲೇ ಉಳಿಯುತ್ತದೆ. ಲೋಳೆಮೀನು ಹುಡುಕಬೇಕಾದ್ದೂ ಆ ಸಾಲಿನಲ್ಲೇ.

ಸಂಖ್ಯೆ ಏರಿದಾಗಲೆಲ್ಲ ಹವಾಮಾನ ಬದಲಾವಣೆಯನ್ನಷ್ಟೇ ದೂರುವುದು ಸರಿಯಲ್ಲ. ಪ್ರಪಂಚದ ದಾಖಲೆಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಅಧ್ಯಯನ ಲೋಳೆಮೀನಿನ ಸಂಖ್ಯೆಯಲ್ಲಿ ಸುಮಾರು 20 ವರ್ಷಕ್ಕೊಮ್ಮೆ ಮರಳುವ ಏರಿಳಿತವನ್ನು ಕಂಡಿತು. ನಮ್ಮ ಕೈಯಲ್ಲಿರುವ ಕಾರಣಗಳೂ ಇವೆ. ಬಹಳಷ್ಟು ಜಾತಿಗಳ ಮರಿ ಮೊದಲು ಕೆಲವೇ ಮಿಲಿಮೀಟರಿನ ಪಾಲಿಪ್ ಆಗಿ ಗಟ್ಟಿ ಮೇಲ್ಮೈಗೆ ಅಂಟಿ ಬದುಕುತ್ತದೆ. ಹದ ಬಂದಾಗ ನೀರುದೋಸೆ ಒಂದರ ಮೇಲೊಂದು ಪೇರಿಸಿದಂತೆ ಬಿಲ್ಲೆಗಳಾಗಿ ಸೀಳಿ, ಒಂದೊಂದೇ ಕಳಚಿ ಈಜಿಕೊಂಡು ಹೋಗುತ್ತದೆ. ಜೆಟ್ಟಿಯ ಕಂಬ, ಅಲೆತಡೆಯ ಕಲ್ಲು, ಮುಳುಗಿದ ಪ್ಲಾಸ್ಟಿಕ್ ಎಲ್ಲವೂ ಅದಕ್ಕೆ ಒಳ್ಳೆಯ ಜಾಗವೇ. ಅತಿ ಮೀನುಗಾರಿಕೆಯಿಂದ ಭೂತಾಯಿ (ಸಾರ್ಡೀನ್) ಬಳಗದ ಮೀನು ಕುಸಿದ ನಮೀಬಿಯಾದಲ್ಲಿ ಲೋಳೆಮೀನು 1.22 ಕೋಟಿ ಟನ್, ಮೀನು 36 ಲಕ್ಷ ಟನ್ ಎಂಬ ಅಂದಾಜು 2006ರಲ್ಲಿ ಪ್ರಕಟವಾಯಿತು.

ನಮ್ಮ ಕೋರಿಕೆ ಚಿಕ್ಕದು. ಗಾಳಿ, ಅಲೆ, ಪ್ರವಾಹದ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಈಗಾಗಲೇ ಕೊಡುತ್ತಿದೆ. ಗಾಳಿ ಎರಡು ದಿನ ಬಿಡದೆ ದಡದತ್ತ ಬೀಸಿದರೆ ಮಲ್ಪೆ, ಪಣಂಬೂರು, ಮುರ್ಡೇಶ್ವರ, ಗೋಕರ್ಣದಲ್ಲಿ ಎಚ್ಚರಿಕೆಯ ಫಲಕ ನಿಲ್ಲಲಿ. ನೀರಿಗಿಳಿಯದವರಿಗೂ ಅದು ಬೇಕು. ಮಕ್ಕಳು ಎತ್ತಿಕೊಳ್ಳುವುದು ಹೊಯಿಗೆಯ ಮೇಲಿನ ನೀಲಿ ಬಲೂನನ್ನು, ಮತ್ತು ಸತ್ತು ಬಿದ್ದದ್ದೂ ಕುಟುಕುತ್ತದೆ. ಜೀವರಕ್ಷಕರು ದಿನವೂ ಒಂದು ಪುಸ್ತಕದಲ್ಲಿ ತಾರೀಕು, ಗಾಳಿಯ ದಿಕ್ಕು, ನೂರು ಹೆಜ್ಜೆಯಲ್ಲಿ ಕಂಡ ಸಂಖ್ಯೆ, ಹಾಯಿಯ ಓರೆ ಎಡವೋ ಬಲವೋ ಎಂದು ಬರೆದು ಒಂದು ಫೋಟೊ ತೆಗೆದಿಡಲಿ.

ಸುದ್ದಿಯ ಜೊತೆ ಇಷ್ಟನ್ನು ಅಚ್ಚು ಹಾಕಿ: ಬ್ಲೂ ಬಾಟಲ್ ಕುಟುಕಿದ ಜಾಗವನ್ನು ಉಜ್ಜಬಾರದು, ಹೊಯಿಗೆ ಹಾಕಬಾರದು, ಸಿಹಿನೀರು ಸುರಿಯಬಾರದು, ಸಿಡಿಯದೆ ಉಳಿದ, ವಿಷ ಚುಚ್ಚುವ ಮುಳ್ಳುಕೋಶಗಳು ಅದರಿಂದ ಸಿಡಿಯುತ್ತವೆ. ಅಂಟಿದ ಎಳೆಗಳನ್ನು ಚಿಮಟದಲ್ಲಿ ತೆಗೆದು ಕಡಲನೀರಿನಲ್ಲಿ ತೊಳೆಯಬೇಕು. ಆಮೇಲೆ ಚರ್ಮ ತಾಳುವಷ್ಟು ಬಿಸಿನೀರಿನಲ್ಲಿ, 45 ಡಿಗ್ರಿ ಮೀರದಂತೆ, 20 ನಿಮಿಷ ಇಡಬೇಕು. ವಿನೆಗರ್ ‘ಬಾಕ್ಸ್ ಜೆಲ್ಲಿಫಿಶ್’ ಎಂಬ ಬೇರೆ ಬಗೆಯ ಕುಟುಕಿಗೆ ಹೇಳಿದ ಮದ್ದು, ಬ್ಲೂ ಬಾಟಲಿಗೆ ಬೇಡವೆನ್ನುತ್ತದೆ ಆಸ್ಟ್ರೇಲಿಯಾದ ಮಾರ್ಗಸೂಚಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಬಿಸಿನೀರಿಗೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಇಂತಿ,
ಕಡಲ ಜೀವಶಾಸ್ತ್ರದ ಅಧ್ಯಾಪಕರು, ಮಂಗಳೂರು