ಆ ಹಾಳೆಗೆ ಸಹಿ ಹಾಕಿದೆ, ಓದಲಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಹಾಸನದಲ್ಲಿ ಬಿ.ಇಡಿ. ಎರಡನೇ ವರ್ಷ ಓದುತ್ತಿದ್ದೇನೆ. ನನ್ನ ವಿಷಯ ಕನ್ನಡ. ಈ ವರ್ಷ 16 ವಾರ ಶಾಲೆಯಲ್ಲೇ ಇದ್ದು ಪಾಠ ಮಾಡಬೇಕು. ಅದಕ್ಕಾಗಿ ಆಗಸ್ಟ್‌ನಿಂದ ಗೊರೂರು ಕಡೆಯ ಒಂದು ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೇನೆ. ಅಲ್ಲಿ ಮೊದಲ ವಾರವೇ ನನ್ನಿಂದ ಒಂದು ತಪ್ಪಾಯಿತು. ಅದನ್ನು ಹೇಳದೆ ಈ ಪತ್ರ ಬರೆಯಲು ಆಗಲ್ಲ.

ಎಂಟನೇ ಕ್ಲಾಸಿನಲ್ಲಿ ಕಣ್ಣು ಕಾಣದ ಒಬ್ಬ ಹುಡುಗ ಇದ್ದಾನೆ. ಏಳನೇ ಕ್ಲಾಸಿನವರೆಗೆ ಬೇರೆ ಊರಿನ ವಿಶೇಷ ಶಾಲೆಯಲ್ಲಿ ಇದ್ದವನು, ಈಗ ಅಜ್ಜಿ ಮನೆಯಿಂದ ಬರುತ್ತಾನೆ. ಪಕ್ಕದ ಹುಡುಗ ಪಾಠ ಓದಿ ಹೇಳುತ್ತಾನೆ, ಇವನು ಕೇಳಿಸಿಕೊಳ್ಳುತ್ತಾನೆ. ಒಂದು ದಿನ ಎಲ್ಲರಿಗೂ ಹತ್ತು ಸಾಲು ಬರೆದುಕೊಂಡು ಬರಲು ಹೇಳಿದ್ದೆ. ನೋಟ್‌ಬುಕ್ಕುಗಳ ಜೊತೆ ಅವನದೂ ಒಂದು ದಪ್ಪ ಹಾಳೆ ಬಂತು, ತುಂಬಾ ಉಬ್ಬು ಚುಕ್ಕಿಗಳು. ಕಣ್ಣು ಕಾಣದವರು ಬೆರಳಿನಿಂದ ಓದುವ ಬ್ರೈಲ್ ಲಿಪಿ ಅದು. ನಾನು ಎಲ್ಲರ ಪುಸ್ತಕಕ್ಕೂ ಹಾಕಿದ ಹಾಗೆ ಅದರ ಮೂಲೆಗೂ ಒಂದು ಸಹಿ ಹಾಕಿ, ತಾರೀಖು ಬರೆದು ವಾಪಸ್ ಕೊಟ್ಟೆ. ಮಾರನೇ ದಿನ ಅವನು ನನ್ನ ದನಿ ಕೇಳಿ ಬಾಗಿಲ ಹತ್ತಿರ ಬಂದು ನಿಂತ. “ಮಿಸ್, ನಾನು ಬರೆದಿದ್ದು ಸರಿ ಇತ್ತಾ?” ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. “ಚೆನ್ನಾಗಿತ್ತು” ಅಂದುಬಿಟ್ಟೆ. ಅವನು ಖುಷಿಯಾಗಿ ಹೋದ. ಅವತ್ತು ಬಸ್ಸಿನಲ್ಲಿ ಹಾಸನ ಬರುವವರೆಗೂ ನನಗೆ ಸಮಾಧಾನ ಇರಲಿಲ್ಲ. ಕನ್ನಡ ಕಲಿಸಲು ಹೋದವಳು ನಾನು, ಒಬ್ಬ ಹುಡುಗ ಕನ್ನಡದಲ್ಲಿ ಬರೆದದ್ದನ್ನು ಓದಲಾರದೆ ಸುಳ್ಳು ಹೇಳಿ ಬಂದಿದ್ದೆ.

ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಇದ್ದಾರೆ. ಚಿಕ್ಕಂದಿನಿಂದಲೇ ಅವರಿಗೆ ಕಣ್ಣು ಕಾಣುವುದಿಲ್ಲ. ಬೆಳಗ್ಗೆ ಹಾಲು ತರಲು ಒಬ್ಬರೇ ಕೋಲು ಹಿಡಿದು ಹೋಗುವುದನ್ನು ವರ್ಷಗಟ್ಟಲೆ ನೋಡಿದ್ದೆ, ಒಂದು ದಿನವೂ ಮಾತಾಡಿಸಿರಲಿಲ್ಲ. ಆ ಭಾನುವಾರ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. “ಕಲಿತೀಯಾ? ಹಾಗಿದ್ರೆ ಭಾನುವಾರ, ಬುಧವಾರ ಸಾಯಂಕಾಲ ಬಾರಮ್ಮ” ಅಂದರು, ಅಷ್ಟೇ.

ಮೊದಲ ದಿನ ಅವರು ಹಾಳೆ ಕೊಡಲೇ ಇಲ್ಲ. ಒಳಗಿನಿಂದ ಅಳಗುಳಿ ಮಣೆ ತರಿಸಿದರು. ಅದನ್ನು ನನ್ನ ಮುಂದೆ ಉದ್ದಕ್ಕೆ ಇಟ್ಟು, ಮೇಲಿನ ಮೂರು ಜೊತೆ ಗುಳಿ ಮಾತ್ರ ಬಿಟ್ಟು ಉಳಿದದ್ದರ ಮೇಲೆ ಬಟ್ಟೆ ಮುಚ್ಚಿದರು. ಎಡಗಡೆ ಮೇಲಿಂದ ಕೆಳಕ್ಕೆ ಒಂದು, ಎರಡು, ಮೂರು. ಬಲಗಡೆ ನಾಲ್ಕು, ಐದು, ಆರು. ಬ್ರೈಲ್ ಅಂದರೆ ಈ ಆರು ಮನೆ, ಅದರಲ್ಲಿ ಯಾವ ಮನೆ ತುಂಬಿದೆ ಅನ್ನುವುದರ ಮೇಲೆ ಅಕ್ಷರ. ಒಂದನೇ ಮನೆಗೆ ಹುಣಸೆ ಬೀಜ ಹಾಕಿದರೆ ಅ. ಒಂದು, ಎರಡಕ್ಕೆ ಹಾಕಿದರೆ ಬ. ಒಂದು, ಮೂರಕ್ಕೆ ಕ. ಒಂದು, ಎರಡು, ಮೂರೂ ತುಂಬಿದರೆ ಲ. ಎರಡು ವಾರ ಹುಣಸೆ ಬೀಜದಲ್ಲೇ ಕಳೆದವು. ನನಗೆ ಅವಸರ, ಬೇಗ ಹಾಳೆ ಓದಬೇಕು ಅಂತ. ಅವರಿಗೆ ಅವಸರ ಇರಲಿಲ್ಲ.

ನಮ್ಮ ಕನ್ನಡದ ಅಕ್ಷರ ಅದರೊಳಗೆ ಕೂರುವ ರೀತಿ ನೋಡಿ ನನಗೆ ನಿಜವಾಗಿ ಬೆರಗಾಯಿತು. ಹಿಂದೆ ದೇಶದಲ್ಲಿ ಬೇರೆ ಬೇರೆ ಪದ್ಧತಿಗಳಿದ್ದವಂತೆ. 1951ರಲ್ಲಿ ಭಾರತಿ ಬ್ರೈಲ್ ಅಂತ ಒಂದೇ ಪದ್ಧತಿ ಒಪ್ಪಿಕೊಂಡ ಮೇಲೆ ಕನ್ನಡದ ಕ, ಹಿಂದಿಯ ಕ, ತಮಿಳಿನ ಕ ಎಲ್ಲದಕ್ಕೂ ಅವೇ ಚುಕ್ಕಿಗಳು. ಕಾಗುಣಿತಕ್ಕೆ ಬೇರೆ ಗುರುತು ಇಲ್ಲ, ಕ ಬರೆದು ಪಕ್ಕದಲ್ಲಿ ಆ ಬರೆದರೆ ‘ಕಾ’. ಹಾಗಾಗಿ ‘ಕಾಲು’ ಅನ್ನಲು ಕ, ಆ, ಲ, ಉ ಅಂತ ನಾಲ್ಕು ಅಕ್ಷರ ಬೇಕು. ಒತ್ತಕ್ಷರ ಕೆಳಗೆ ಜೋತುಬೀಳುವುದಿಲ್ಲ. ‘ಅಕ್ಕ’ ಬರೆಯಬೇಕಾದರೆ ಅ ಆದ ಮೇಲೆ ನಾಲ್ಕನೇ ಚುಕ್ಕಿ ಒಂದನ್ನೇ ಇಟ್ಟು, ಆಮೇಲೆ ಕ, ಮತ್ತೆ ಕ. ಆ ಒಂಟಿ ಚುಕ್ಕಿ ‘ಮುಂದೆ ಬರುವ ಅಕ್ಷರ ಅರ್ಧ, ತಯಾರಾಗಿರು’ ಅಂತ ಬೆರಳಿಗೆ ಮೊದಲೇ ಹೇಳುತ್ತದೆ. ಇಷ್ಟು ವರ್ಷ ಕನ್ನಡ ಓದಿದ್ದರೂ ಒತ್ತಕ್ಷರದ ಬಗ್ಗೆ ನಾನು ಹೀಗೆ ಯೋಚಿಸಿಯೇ ಇರಲಿಲ್ಲ.

ಹಾಳೆಗೆ ಬಂದ ಮೇಲೆ ಕಷ್ಟ ಶುರುವಾಯಿತು. ನನ್ನ ಬೆರಳು ಚುಕ್ಕಿಯನ್ನು ಒತ್ತಿ ಒತ್ತಿ ನೋಡುತ್ತಿತ್ತು, ಮೇಲೆ ಕೆಳಗೆ ಉಜ್ಜುತ್ತಿತ್ತು. “ಒತ್ತಬೇಡಮ್ಮ, ಸವರು. ಹಸುಗೂಸಿನ ಕೆನ್ನೆ ಅಂದ್ಕೊ” ಅನ್ನುತ್ತಿದ್ದರು. ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ಬೆರಳ ತುದಿ ಮರಗಟ್ಟಿದ ಹಾಗೆ ಆಗುತ್ತಿತ್ತು, ಏಳು ಚುಕ್ಕಿ ಇದೆಯೋ ಏನೋ ಅನ್ನಿಸುತ್ತಿತ್ತು. ಒಂದು ಪದದ ಕೊನೆಗೆ ಬರುವಷ್ಟರಲ್ಲಿ ಮೊದಲ ಅಕ್ಷರ ಮರೆತುಹೋಗುತ್ತಿತ್ತು. ಒಂದು ಸಾಲು ಓದಲು ಹನ್ನೆರಡು ನಿಮಿಷ ಹಿಡಿದದ್ದು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಓದಿ ಮುಗಿಸಿದ ತಕ್ಷಣ ಮೇಷ್ಟ್ರ ಮನೆಯ ಅಮ್ಮ ಕಾಫಿ ತಂದಿಟ್ಟು “ಏನು ಬರೆದಿತ್ತು ಟೀಚರಮ್ಮ?” ಅಂತ ಪ್ರೀತಿಯಿಂದ ಕೇಳಿದರು. ಹೇಳಲು ಆಗಲಿಲ್ಲ. ಅಕ್ಷರಗಳೆಲ್ಲ ಗೊತ್ತು, ಆದರೆ ಅರ್ಥ ಕೈಗೆ ಬಂದಿರಲಿಲ್ಲ. ನನ್ನ ಕ್ಲಾಸಿನಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದುವ ಮೂರ್ನಾಲ್ಕು ಮಕ್ಕಳಿದ್ದಾರೆ. ಅವರು ಒಂದು ಪ್ಯಾರಾ ಓದಿ ಮುಗಿಸುತ್ತಿದ್ದ ಹಾಗೆ “ಏನು ಅರ್ಥ ಆಯ್ತು, ಹೇಳು” ಅಂತ ನಾನೂ ಕೇಳುತ್ತಿದ್ದೆ. ಗಮನ ಇಟ್ಟು ಓದಿಲ್ಲ ಅಂತ ಕೋಪ ಬೇರೆ ಮಾಡಿಕೊಳ್ಳುತ್ತಿದ್ದೆ. ಅವರ ಗಮನವೆಲ್ಲ ಅಕ್ಷರಕ್ಕೇ ಖರ್ಚಾಗಿರುತ್ತದೆ, ಅರ್ಥಕ್ಕೆ ಅಂತ ಏನೂ ಉಳಿದಿರುವುದಿಲ್ಲ. ಈಗ ಅವರಿಗೆ ಅದೇ ಪ್ಯಾರಾವನ್ನು ಎರಡನೇ ಸಲ, ಮೂರನೇ ಸಲ ಓದಲು ಬಿಡುತ್ತೇನೆ. ಪ್ರಶ್ನೆ ಆಮೇಲೆ.

ಇನ್ನೊಂದು ಸಂಗತಿ ಹೇಳಬೇಕು. ಕಣ್ಣು ಕಾಣುವವರು ಬ್ರೈಲ್ ಕಲಿಯುವಾಗ ಬೆರಳು ಬಿಟ್ಟು ಕಣ್ಣಲ್ಲೇ ಚುಕ್ಕಿ ನೋಡಿ ಓದಿಬಿಡುತ್ತಾರೆ. ನಾನೂ ಹಾಗೇ ಮಾಡಿದೆ. ಬೆರಳು ಸುಮ್ನೆ ಸಾಲಿನ ಮೇಲೆ ಇಟ್ಟು, ಕಣ್ಣಲ್ಲಿ ನೋಡಿ, ಸರಸರ ನಾಲ್ಕು ಪದ ಓದಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಕಣ್ಣಲ್ಲಿ ಓದ್ತಿದೀಯ ಅಲ್ವಾ? ಹಾಳೆ ಮೇಲೆ ಬೆರಳು ಓಡೋ ಸದ್ದು ಬರ್ತಿಲ್ಲ” ಅಂದರು. ಆಮೇಲೆ ತಮ್ಮ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈ, ಹಾಳೆ ಎರಡರ ಮೇಲೂ ಹೊದಿಸಿದರು. ಆ ಹೊತ್ತಿಗೆ ನನಗೆ ನೆನಪಾದದ್ದು ನನ್ನ ಕ್ಲಾಸಿನ ಒಬ್ಬ ಹುಡುಗಿ. ಗೆಳತಿಯರು ಓದುವುದನ್ನು ಕೇಳಿ ಪಾಠವನ್ನೇ ಬಾಯಿಪಾಠ ಮಾಡಿಕೊಂಡು, ಬೆರಳು ಒಂದು ಸಾಲಿನ ಮೇಲೆ, ಮಾತು ಇನ್ನೊಂದು ಸಾಲಿನಲ್ಲಿ ಇರುವ ಹಾಗೆ ಓದುತ್ತಿದ್ದಳು. ಎಲ್ಲರ ಮುಂದೆ ಅವಳಿಗೆ ಬೈದಿದ್ದೆ. ನಾನು ಟವೆಲ್ ಕೆಳಗೆ ಕೈ ಇಟ್ಟುಕೊಂಡು ಕೂತಿದ್ದಾಗ ಗೊತ್ತಾಯಿತು, ಅವಳು ಮೋಸ ಮಾಡಿದ್ದಲ್ಲ, ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದಲ್ಲ ಅನ್ನುವ ಭಯ ಅದು. ಮಾರನೇ ದಿನ ಅವಳನ್ನು ಊಟದ ಹೊತ್ತಿನಲ್ಲಿ ಕರೆದು ಕ್ಷಮೆ ಕೇಳಿದೆ. ಈಗ ದಿನಾ ಹತ್ತು ನಿಮಿಷ ಇಬ್ಬರೇ ಕೂತು ಓದುತ್ತೇವೆ.

ಬರೆಯುವುದು ಇನ್ನೂ ಬೇರೆ. ಬ್ರೈಲ್ ಸ್ಲೇಟ್ ಅಂದರೆ ಸಾಲು ಸಾಲು ಕಿಂಡಿಗಳಿರುವ ಪಟ್ಟಿ. ಹಾಳೆಯನ್ನು ಅದಕ್ಕೆ ಸಿಕ್ಕಿಸಿ, ಆ ಕಿಂಡಿಗಳೊಳಗೆ ಸ್ಟೈಲಸ್ ಅನ್ನುವ ಚೂಪು ಕಡ್ಡಿಯಿಂದ ಚುಚ್ಚಿ ಚುಚ್ಚಿ ಬರೆಯಬೇಕು. ಚುಕ್ಕಿ ಹಾಳೆಯ ಹಿಂದೆ ಉಬ್ಬುತ್ತದೆ, ಹಾಗಾಗಿ ಬಲದಿಂದ ಎಡಕ್ಕೆ, ಎಲ್ಲ ಅಕ್ಷರವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆದು, ಹಾಳೆ ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಇ ಅನ್ನುವುದು ಎರಡು, ನಾಲ್ಕನೇ ಚುಕ್ಕಿ. ಏ ಅನ್ನುವುದು ಒಂದು, ಐದನೇ ಚುಕ್ಕಿ. ಒಂದಕ್ಕೊಂದು ಕನ್ನಡಿ. ನಾನು ಇವತ್ತಿಗೂ ಇದನ್ನು ಅದಲು ಬದಲು ಮಾಡುತ್ತೇನೆ. ನ, ಸ ತಿರುಗಾ ಮುರುಗಾ ಮಾಡುವ ಮಕ್ಕಳಿಗೆ “ಎಷ್ಟು ಸಲ ಹೇಳಬೇಕು” ಅನ್ನುವ ಮಾತು ನನ್ನ ಬಾಯಿಂದ ಈಗ ಬರುವುದಿಲ್ಲ. ಎಷ್ಟು ಸಲ ಬೇಕೋ ಅಷ್ಟು ಸಲ.

ಸ್ಟೈಲಸ್ ನೋಡಲು ಮರದ ಹಿಡಿಯ ಪುಟ್ಟ ದಬ್ಬಳದ ಹಾಗೆ ಇರುತ್ತದೆ. ಲೂಯಿ ಬ್ರೈಲ್ ಅವರ ಕಥೆಯನ್ನು ಮೇಷ್ಟ್ರು ಅದನ್ನು ಕೈಯಲ್ಲಿ ಹಿಡಿದೇ ಹೇಳಿದರು. ಫ್ರಾನ್ಸಿನ ಒಂದು ಹಳ್ಳಿಯಲ್ಲಿ 1809ರಲ್ಲಿ ಹುಟ್ಟಿದ ಹುಡುಗ. ಅಪ್ಪ ಕುದುರೆಯ ಜೀನು ಹೊಲಿಯುವವರು. ಮೂರು ವರ್ಷದವನಿದ್ದಾಗ ತೊಗಲು ಚುಚ್ಚುವ ಅಂಥದೇ ಒಂದು ಆಯುಧ ಕಣ್ಣಿಗೆ ತಾಗಿ, ನಂಜಾಗಿ, ಎರಡೂ ಕಣ್ಣು ಹೋದವು. ಹದಿನೈದನೇ ವಯಸ್ಸಿನಲ್ಲಿ, 1824ರಲ್ಲಿ, ಅವನು ಈ ಆರು ಚುಕ್ಕಿಯ ಲಿಪಿ ಕಟ್ಟಿದ. ನಮ್ಮ ಎಂಟನೇ ಕ್ಲಾಸಿನ ಹುಡುಗನಿಗಿಂತ ಎರಡು ವರ್ಷ ದೊಡ್ಡವನು, ಅಷ್ಟೇ.

ಅಕ್ಟೋಬರ್‌ನಲ್ಲಿ ಹಾಸನಾಂಬೆ ದರ್ಶನಕ್ಕೆ ಮನೆ ತುಂಬಾ ನೆಂಟರು ಬಂದು ಹತ್ತು ದಿನ ಹಾಳೆ ಮುಟ್ಟಲಿಲ್ಲ. ಮತ್ತೆ ಹೋದಾಗ ಬೆರಳು ಅರ್ಧ ಮರೆತಿತ್ತು, ಅಳು ಬಂತು. ಮೇಷ್ಟ್ರು ಒಂದು ಮಾತೂ ಆಡದೆ ಹುಣಸೆ ಬೀಜ ತರಿಸಿದರು. ದಸರಾ ರಜೆ ಮುಗಿಸಿ ಬಂದ ಮಕ್ಕಳಿಗೆ ಮೊದಲ ದಿನವೇ ಟೆಸ್ಟ್ ಕೊಟ್ಟಿದ್ದೆ, ಅದು ನೆನಪಾಯಿತು.

ಅವರು ಕಲಿಸುವ ರೀತಿಯಲ್ಲಿ ನನ್ನನ್ನು ಜಾಸ್ತಿ ತಟ್ಟಿದ್ದು ಕಾಯುವುದು. ‘ತಪ್ಪು’ ಅನ್ನುವುದಿಲ್ಲ. “ಹಿಂದಕ್ಕೆ ಹೋಗಿ ಬಾ” ಅನ್ನುತ್ತಾರೆ, ಆಮೇಲೆ ಕಾಯುತ್ತಾರೆ. ಅಮೆರಿಕದ ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ಕ್ಲಾಸ್‌ಗಳನ್ನು ಗಮನಿಸಿ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದೇ ಸೆಕೆಂಡ್ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಅಂತ ತೋರಿಸಿದ್ದರು. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೇನೆ. ಆದರೂ ಕ್ಲಾಸಿನಲ್ಲಿ ಕಾಯುತ್ತಿರಲಿಲ್ಲ. ನನಗಾಗಿ ಒಬ್ಬರು ಕಾದ ಮೇಲೆ ಕಾಯುವುದು ಬಂತು.

ಕಾಲೇಜಿಗೆ ನಾವು ಒಂದು ಅನುಭವದ ದಿನಚರಿ ಬರೆದು ಕೊಡಬೇಕು. ಅದರಲ್ಲಿ ‘ಇಂದು ಮಕ್ಕಳು ಆಸಕ್ತಿಯಿಂದ ಪಾಲ್ಗೊಂಡರು’ ಅಂತ ಎಲ್ಲರೂ ಬರೆಯುತ್ತೇವೆ. ನಾನೂ ಬರೆದಿದ್ದೇನೆ. ಬ್ರೈಲ್ ಕಲಿಯುವಾಗ ಇಟ್ಟ ಇನ್ನೊಂದು ಡೈರಿಯಲ್ಲಿ ‘ಇವತ್ತು ಬರಲಿಲ್ಲ’, ‘ನಾಚಿಕೆಯಾಯಿತು’, ‘ಲ ಗುರುತು ಸಿಕ್ಕಿತು’ ಅಂತೆಲ್ಲ ಇದೆ. ಮಕ್ಕಳ ಬಗ್ಗೆ ನನಗೆ ಗೊತ್ತಾದದ್ದು ಆ ಎರಡನೆಯದರಿಂದ.

ಈಗ ಕೋರಿಕೆ. ಬಿ.ಇಡಿ.ಯಲ್ಲಿ ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಶಾಲೆಯ ಬಗ್ಗೆ ಅರ್ಧ ಪತ್ರಿಕೆಯಷ್ಟು ಪಾಠ ಇದೆ. ಬ್ರೈಲ್ ಅಂದರೇನು ಅಂತ ಟಿಪ್ಪಣಿ ಬರೆಯುತ್ತೇವೆ, ಬ್ರೈಲ್ ಹಾಳೆಯನ್ನು ಮುಟ್ಟುವುದಿಲ್ಲ. ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ ಬಗ್ಗೆ ಪುಟಗಟ್ಟಲೆ ಓದುತ್ತೇವೆ. ಅವರು 1920ರ ದಶಕದಲ್ಲೇ ಕಣ್ಣು ಕಾಣದ, ಕಿವಿ ಕೇಳದ ಮಕ್ಕಳ ಕಲಿಕೆ ಬಗ್ಗೆ ಬರೆದಿದ್ದರು ಅನ್ನುವುದು ನಮ್ಮ ನೋಟ್ಸಿನಲ್ಲಿ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್, ಬ್ರೈಲ್ ಮತ್ತು ಸಂಜ್ಞೆ ಭಾಷೆ ಬಲ್ಲ ಶಿಕ್ಷಕರನ್ನು ತಯಾರು ಮಾಡಬೇಕು, ನೇಮಿಸಬೇಕು, ಅಂಗವಿಕಲ ಶಿಕ್ಷಕರೂ ಅವರಲ್ಲಿ ಇರಬೇಕು ಅನ್ನುತ್ತದೆ. ನಮ್ಮ ಮೇಷ್ಟ್ರಂಥವರು ಎಷ್ಟೋ ಊರುಗಳಲ್ಲಿ ನಿವೃತ್ತರಾಗಿ ಮನೆಯಲ್ಲಿ ಕೂತಿದ್ದಾರೆ. ಅವರನ್ನು ಬಿ.ಇಡಿ. ಕಾಲೇಜಿಗೆ ಕರೆಸಿ, ಗೌರವಧನ ಕೊಟ್ಟು, ವಾರಕ್ಕೆ ಎರಡು ಗಂಟೆ ಕಲಿಸಲು ಕೇಳಬಾರದೇ? ಖರ್ಚಿನ ಮಾತೇನೂ ದೊಡ್ಡದಲ್ಲ. ನಾನು ಕಲಿತದ್ದು ಮೇಷ್ಟ್ರ ಹಳೆಯ ಸ್ಲೇಟಿನಲ್ಲಿ, ಹಾಳೆ ಅಂದರೆ ಹಳೆ ಕ್ಯಾಲೆಂಡರ್, ಮದುವೆ ಕಾರ್ಡು. ಜನವರಿ 4, ಲೂಯಿ ಬ್ರೈಲ್ ಹುಟ್ಟಿದ ದಿನ, 2019ರಿಂದ ವಿಶ್ವಸಂಸ್ಥೆ ಅದನ್ನು ವಿಶ್ವ ಬ್ರೈಲ್ ದಿನ ಅಂತ ಆಚರಿಸುತ್ತಿದೆ. ಅವತ್ತೇ ಮೊದಲ ಕ್ಲಾಸ್ ಶುರು ಮಾಡಬಹುದು.

“ಈಗ ಮೊಬೈಲೇ ಎಲ್ಲ ಓದಿ ಹೇಳುತ್ತದಲ್ಲ, ಬ್ರೈಲ್ ಯಾಕೆ?” ಅಂತ ನನ್ನ ಗೆಳತಿಯರೇ ಕೇಳಿದರು. ನನಗೆ ಉತ್ತರ ಸಿಕ್ಕಿದ್ದು ಆ ಹುಡುಗನ ಬರವಣಿಗೆಯಲ್ಲೇ. ನವೆಂಬರ್‌ನಲ್ಲಿ ಆ ಹುಡುಗನ ಹಾಳೆಯನ್ನು ಮನೆಗೆ ತಂದು ಒಂದೂವರೆ ಗಂಟೆ ಕೂತು ಓದಿದೆ. ‘ಭಾಷೆ’ ಅನ್ನುವುದನ್ನು ಎಲ್ಲ ಕಡೆ ‘ಬಾಶೆ’ ಅಂತ ಬರೆದಿದ್ದ. ಈ ವರ್ಷವೆಲ್ಲ ಅವನಿಗೆ ಕನ್ನಡ ಬಂದದ್ದು ಕಿವಿಯಿಂದ ಮಾತ್ರ. ನಾವು ಆಡುವ ಮಾತಿನಲ್ಲಿ ಬ, ಭ ಎಲ್ಲಿ ಬೇರೆ ಕೇಳಿಸುತ್ತದೆ? ಶ, ಷ ಅಂತೂ ಇಲ್ಲವೇ ಇಲ್ಲ. ಬೆರಳಿಗೆ ಸಿಕ್ಕರೆ ಮಾತ್ರ ಅವನಿಗೆ ಅದು ಗೊತ್ತಾಗಬೇಕು. ನಾನು ಆ ಪದವನ್ನು ಸರಿಯಾಗಿ ಚುಚ್ಚಿ, ಕೆಳಗೆ ಒಂದು ಸಾಲು ಬರೆದು ಕೊಟ್ಟೆ. ಅವನು ಎರಡು ಕೈಯಲ್ಲೂ ಸವರಿ ಓದಿ, “ಮಿಸ್, ನೀವು ಏ ಬರೆಯೋ ಕಡೆ ಇ ಬರೆದಿದ್ದೀರ” ಅಂದ. ಅಲ್ಲೇ ಕೂತು ತಿದ್ದಿಸಿಕೊಂಡೆ.

ನನ್ನ 16 ವಾರ ಇನ್ನೇನು ಮುಗಿಯುತ್ತದೆ. ಊರಿನ ಬಗ್ಗೆ ಅವನು ನಾಲ್ಕು ಹಾಳೆ ಬರೆದು ಕೊಟ್ಟಿದ್ದಾನೆ. ಎರಡು ಓದಿದ್ದೇನೆ, ಉಳಿದ ಎರಡನ್ನು ಶನಿವಾರದೊಳಗೆ ಓದಿ ಕೊಡಬೇಕು.

ಇತಿ,
ಬಿ.ಇಡಿ. ಎರಡನೇ ವರ್ಷದ ವಿದ್ಯಾರ್ಥಿನಿ,
ಹಾಸನ