ಮೂರೇ ದಿನಕ್ಕೆ ಎರಡು ಕೆ.ಜಿ.!

ಮಾನ್ಯ ಸಂಪಾದಕರೇ,

ದೇಹದ ವಿಷ ತೆಗೆಯುವ ‘ಡಿಟಾಕ್ಸ್’ ಹೆಸರಿನ ತರಕಾರಿ ರಸದ ಉಪವಾಸ ಶಿಬಿರಗಳಿಗೆ ಓದಿದವರೂ ಮಾರುಹೋಗುವುದು ಪೆದ್ದುತನದಿಂದಲ್ಲ. ಮೂರೇ ದಿನಕ್ಕೆ ಎರಡು ಕೆ.ಜಿ. ಇಳಿಯಿತೆಂದು ತೂಕದ ಯಂತ್ರವೇ ಸಾಕ್ಷಿ ಹೇಳುತ್ತದೆ. ನಮ್ಮ ಯಕೃತ್ತು, ಸ್ನಾಯುಗಳಲ್ಲಿ ಸುಮಾರು 400–500 ಗ್ರಾಂ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆ, ಇರುತ್ತದೆ. ಅದರ ಪ್ರತಿ ಗ್ರಾಂಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ, ಮುದ್ದೆ ಬಿಟ್ಟರೆ ಎರಡು–ಮೂರು ದಿನದಲ್ಲಿ ಈ ದಾಸ್ತಾನು ಬಹುಪಾಲು ಕರಗಿ, ನೀರು ಮೂತ್ರವಾಗಿ ಹೋಗುತ್ತದೆ. ಇಳಿದ ತೂಕದಲ್ಲಿ ಕೊಬ್ಬಿನ ಪಾಲು ಅಲ್ಪ. ಊಟ ಶುರುವಾದ ಕೆಲವೇ ದಿನಗಳಲ್ಲಿ ನೀರೂ ವಾಪಸ್, ತೂಕವೂ ವಾಪಸ್. ತಮಾಷೆಯೆಂದರೆ, ಇಳಿದದ್ದಕ್ಕೆ ಶಿಬಿರ ನಡೆಸುವ ಗುರುವಿಗೆ ಕೀರ್ತಿ; ಏರಿದ್ದಕ್ಕೆ ಶಿಷ್ಯನ ನಾಲಿಗೆಗೆ ಬೈಗುಳ. ಮುಂದಿನ ಶಿಬಿರಕ್ಕೆ ಮೊದಲು ಹಣ ಕಟ್ಟುವವನೂ ಅವನೇ.

ಇನ್ನೊಂದು ಸೆಳೆತವೂ ಇದೆ. ‘ಎಷ್ಟು ಹೊತ್ತಿಗೆ ಏಳುತ್ತೀರಿ, ರಾತ್ರಿ ಏನು ಉಣ್ಣುತ್ತೀರಿ’ ಎಂದು ಗುರುಗಳು ಕೂರಿಸಿ ಕೇಳುತ್ತಾರೆ. ಗಿಜಿಗುಡುವ ಆಸ್ಪತ್ರೆಯಲ್ಲಿ ವೈದ್ಯರಿಗೆ ಅಷ್ಟು ಪುರುಸೊತ್ತೆಲ್ಲಿ?

ಆದರೆ ಮಧುಮೇಹಕ್ಕೆ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿದರೆ ರಕ್ತದ ಸಕ್ಕರೆ ಅಂಶ 70 ಮಿ.ಗ್ರಾಂ/ಡೆ.ಲೀ.ಗಿಂತ ಕೆಳಗಿಳಿದು ಬೆವರು, ನಡುಕ, ಕೊನೆಗೆ ಪ್ರಜ್ಞೆಯೂ ತಪ್ಪಬಹುದು. ಸೋರೆಕಾಯಿ ರಸ ಕುಡಿಯುವವರು ಅರೆಯುವ ಮೊದಲು ಚೂರು ನಾಲಿಗೆಗೆ ಮುಟ್ಟಿಸಿ ನೋಡಲಿ. ಕಹಿಯಿದ್ದರೆ ಉಗಿದು, ಇಡೀ ಕಾಯಿ ಎಸೆಯಬೇಕು. ಕುಕುರ್ಬಿಟಾಸಿನ್ ಎಂಬ ಆ ವಿಷದಿಂದ ರಕ್ತವಾಂತಿಯಾಗಿ ಸತ್ತವರಿದ್ದಾರೆ. ನಿಂಬೆ, ಜೇನು ಬೆರೆಸಿದರೆ ಕಹಿ ಮರೆಯಾಗುತ್ತದಷ್ಟೇ.

ಮಧುಮೇಹ ವಾಸಿಮಾಡುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯಡಿ ಅಪರಾಧ. ಪತ್ರಿಕೆಗಳೂ ಇದನ್ನು ಗಮನಿಸಲಿ.

– ಆಹಾರತಜ್ಞೆ, ದಾವಣಗೆರೆ